ಚೌಡಮ್ಮನ ತಿರುವಿನಲ್ಲಿ ಆರಿದ ಲೈಟು

ಮಾಸ್ತಪ್ಪ ಹೆಂಡತಿಯ ಜೊತೆ ಮಾತು ಬಿಟ್ಟು ವಾರದ ಮೇಲಾಗಿತ್ತು. ಪೂರ್ತಿ ಬಿಟ್ಟಿದ್ದ ಎನ್ನುವಂತೆಯೂ ಇರಲಿಲ್ಲ. ಹೇಳಬೇಕಾದದ್ದನ್ನು ಬೆಕ್ಕಿಗೆ ಹೇಳುತ್ತಿದ್ದ. "ಬಚ್ಚಲಲ್ಲಿ ನೀರು ಕಾದಿದ್ಯೋ ಇಲ್ವೋ, ಯಾರನ್ನ ಕೇಳೋದು," ಎಂದು ಅವನು ಬೆಕ್ಕಿನ ಮುಖ ನೋಡಿದರೆ, "ಆಗ್ಲೇ ಕಾದು ಆರ್ತಾ ಬಂತು ಅಂತ ಹೇಳು," ಎಂದು ಕೆರಿಯಮ್ಮನೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದಳು. ಸಾಗರಕ್ಕೆ ಹೊರಟ ದಿನ ಪಿಕಪ್ಪಿನಲ್ಲಿ ಬೆಕ್ಕು ಇರಲಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಇಬ್ಬರೂ ಸುಮ್ಮನೆ ಕೂತಿದ್ದರು.

ಗಂಡ ಹೆಂಡತಿ ಇಬ್ಬರದೂ ಹೂವಿನ ಗಿಡದ ವ್ಯಾಪಾರ. ಹೊಸನಗರದ ಹತ್ತಿರ ತಮ್ಮ ಹಿತ್ತಲಲ್ಲಿ ಕೆರಿಯಮ್ಮ ಡೇರೆ, ಗುಲಾಬಿ, ಸೇವಂತಿಗೆಯ ಸಸಿ ಮಾಡುತ್ತಾಳೆ. ಮಾಸ್ತಪ್ಪ ಅವನ್ನು ಹಳೆಯ ಪಿಕಪ್ಪಿನಲ್ಲಿ ಹೇರಿಕೊಂಡು ಸಾಗರ, ತೀರ್ಥಹಳ್ಳಿಯ ಸಂತೆಗಳಿಗೆ ಒಯ್ಯುತ್ತಾನೆ. ಮಳೆಗಾಲವೇ ಅವರ ಸುಗ್ಗಿ. ಹೀಗೆ ಒಂದು ದಿನ ತೀರ್ಥಹಳ್ಳಿ ಸಂತೆ ಮುಗಿಸಿ, ನಗರ ಎಂಬ ಊರಿನ ಮೇಲಾಗಿ ವಾಪಸ್ಸು ಬರುವಾಗ, ಹೊತ್ತು ಮುಳುಗುವ ಸಮಯಕ್ಕೆ, ಚೌಡಮ್ಮನ ಗುಡಿಯ ತಿರುವಿನಲ್ಲಿ ಗಾಡಿ ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಯಾರಿಗೂ ಏಟಾಗಲಿಲ್ಲ. ಬಂಪರು ಬಾಗಿತು, ಮಾರಾಟವಾಗದೆ ಉಳಿದಿದ್ದ ಕುಂಡಗಳು ಒಡೆದವು.

"ಲೈಟು, ವೈಪರು, ಎರಡೂ ಒಟ್ಟಿಗೇ ನಿಂತ್ವು. ಎದುರಿಗೆ ಕಂಬಳಿ ಇಳಿಬಿಟ್ಟಂಗಾಯ್ತು," ಎಂದ ಮಾಸ್ತಪ್ಪ. ಆದರೆ ಜನ ಓಡಿಬಂದಾಗ ಲೈಟು ಉರಿಯುತ್ತಿತ್ತು. ವೈಪರೂ ಏನೂ ಆಗಿಲ್ಲವೆಂಬಂತೆ ಗಾಜಿನ ಮೇಲೆ ಆಡುತ್ತಿತ್ತು.

ಮಗ ಹರ್ಷವರ್ಧನ ಸಾಗರ–ಹೊಸನಗರ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಾನೆ. ಅವನಿಗೆ ಈ ಕಥೆ ಒಪ್ಪಿಗೆಯಾಗಲಿಲ್ಲ. "ಒಂದು ಸ್ವಿಚ್ಚು ಹಾಳಾಯ್ತು ಅಂದ್ರೆ ಒಪ್ತೀನಿ ಅಪ್ಪ. ಎರಡು ಸ್ವಿಚ್ಚು ಒಂದೇ ಗಳಿಗೇಲಿ ಹಾಳಾಗಿ, ಚರಂಡಿಗೆ ಬಿದ್ದ ಗಳಿಗೇಲಿ ತಾವೇ ರಿಪೇರಿ ಆದ್ವಾ? ಹೋಗಿರೋದು ಗಾಡಿ ಕಣ್ಣಲ್ಲ, ನಿನ್ನ ಕಣ್ಣು. ನಡಿ, ಡಾಕ್ಟ್ರ ಹತ್ರ ಹೋಗಾನ."

"ನಾ ಬರಲ್ಲ. ಕಣ್ಣು ತೋರ್ಸಿದ್ರೆ ತಪ್ಪು ಒಪ್ಕಂಡಂಗೆ," ಎಂದ ಮಾಸ್ತಪ್ಪ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಪಕ್ಕದಲ್ಲೇ ಇದ್ಯಲ್ಲ, ಹೇಳು ಅವ್ನಿಗೆ. ಲೈಟು ಆರಿದ್ದು ನೋಡಿದ್ಯಾ ಇಲ್ವಾ?"

ಕೆರಿಯಮ್ಮ ನೋಡಿರಲಿಲ್ಲ. ಆ ತಿರುವು ಬಂದಾಗೆಲ್ಲ ಅವಳು ಕಣ್ಣು ಮುಚ್ಚಿ ಚೌಡಮ್ಮನಿಗೆ ಕೈ ಮುಗಿಯುತ್ತಾಳೆ. ಕಣ್ಣು ಬಿಡುವಷ್ಟರಲ್ಲಿ ಗಾಡಿ ಚರಂಡಿಯಲ್ಲಿತ್ತು. ಗಂಡ ಸುಳ್ಳು ಹೇಳುವವನಲ್ಲ ಎಂಬುದು ಅವಳಿಗೆ ಗೊತ್ತು. ಕಾಣದ್ದನ್ನು ಕಂಡೆ ಎನ್ನುವುದು ಮಾತ್ರ ಅವಳಿಂದ ಆಗುವ ಕೆಲಸವಲ್ಲ. "ನಾ ನೋಡ್ಲಿಲ್ಲ," ಎಂದಳು. ಅಂದಿನಿಂದ ಬೆಕ್ಕಿಗೆ ಕೆಲಸ ಹೆಚ್ಚಾಯಿತು.

ಹೊಸನಗರದ ಗ್ಯಾರೇಜಿನವನು ನೋಡಿ ಏನೂ ತೊಂದರೆ ಇಲ್ಲ ಎಂದ. ಕಡೆಗೆ ಅಪ್ಪ ಮಗ ಒಂದು ಒಪ್ಪಂದಕ್ಕೆ ಬಂದರು. ಸಾಗರದಲ್ಲಿ ಗಾಡಿಗಳ ಕರೆಂಟಿನ ಕೆಲಸ ಮಾಡುವ ಶ್ರೀಕರ ಭಟ್ಟರಿಗೆ ತೋರಿಸುವುದು. ಅವರೂ ಏನಿಲ್ಲ ಎಂದರೆ ಕೀಲಿ ಮಗನ ಕೈಗೆ, ಅಷ್ಟೆ. ಮೀಸೆ ಬರುವ ಮೊದಲೇ ಸ್ಟೇರಿಂಗ್ ಹಿಡಿದ ಮಾಸ್ತಪ್ಪ, "ಆಯ್ತು," ಎಂದುಬಿಟ್ಟ. ಆ ರಾತ್ರಿ ಅವನು ಅರ್ಧ ಊಟಕ್ಕೇ ಎದ್ದದ್ದನ್ನು ಕೆರಿಯಮ್ಮ ನೋಡಿದಳು.

ಶ್ರೀಕರನ ಅಂಗಡಿ ಜೋಗದ ರಸ್ತೆಯ ಮಗ್ಗುಲಿಗೆ, ತಗಡಿನ ಮಾಡಿನ ಕೆಳಗೆ. ವಯಸ್ಸು ನಲವತ್ತರ ಆಚೀಚೆ. ಮನೆಯವರು ತೋಟ ನೋಡಿಕೊಂಡರೆ ಇವನಿಗೆ ಮೊದಲಿನಿಂದಲೂ ವೈರಿನ ಹುಚ್ಚು. ಇವರು ಹೋದಾಗ ಮಳೆ ಬಿಟ್ಟು ಹೊಳವಾಗಿತ್ತು. ಅವನು ಒಂದು ಸ್ಟೂಲು ತಂದು, ಅದರ ಮೇಲಿನ ನೀರನ್ನು ತನ್ನ ಹೆಗಲ ಟವೆಲಿನಿಂದ ಒರೆಸಿ, ಆ ಟವೆಲನ್ನೇ ಮಡಿಸಿ ಹಾಸಿ, "ಕೂತ್ಕಳಿ ಅಮ್ಮ, ಇದು ಬೇಗ ಆಗೋ ಕೆಲಸ ಅಲ್ಲ," ಎಂದ. ಗಾಡಿಯ ಬಾನೆಟ್ಟು ಎತ್ತುವ ಮೊದಲು ಹೀಗೆ ಮಾಡಿದ ರಿಪೇರಿಯವನನ್ನು ಕೆರಿಯಮ್ಮ ಬೇರೆ ಕಂಡಿರಲಿಲ್ಲ.

ಅಲ್ಲಿ ಇನ್ನೊಬ್ಬ ಗಿರಾಕಿ ಆಗಲೇ ಬೆಂಚಿನ ಮೇಲೆ ಕೂತಿದ್ದ. ಹೆಸರು ಮಂಜುನಾಥಪ್ಪ. ಅವನ ಟಿಲ್ಲರಿನ ಬ್ಯಾಟರಿ ಚಾರ್ಜಿಗೆ ಹಾಕಿತ್ತು. ಅದು ತುಂಬುವವರೆಗೆ ಅವನಿಗೆ ಬೇರೆಯವರ ಗಾಡಿ ನೋಡುವುದೇ ಕೆಲಸ.

ಮಾಸ್ತಪ್ಪ ನಡೆದದ್ದು ಹೇಳಿದ. ಶ್ರೀಕರ ಮೊದಲು ಬ್ಯಾಟರಿ ನೋಡಿದ, ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಬೆಳಕಿಗೆ ಹಿಡಿದ, ಹೆಡ್‌ಲೈಟಿನ ಬಲ್ಬಿನ ಹಿಂದಿನ ಹಿಡಿ ಎಳೆದು ನೋಡಿದ. ಆಮೇಲೆ ಸ್ಟೇರಿಂಗಿನ ಕೆಳಗಿನ ಮುಚ್ಚಳ ಬಿಚ್ಚಿದ. ಅಲ್ಲಿ ಎರಡು ಕಡ್ಡಿ. ಬಲಗಡೆಯದು ಲೈಟಿನ ಸ್ವಿಚ್ಚು, ಎಡಗಡೆಯದು ವೈಪರಿನದು. ಎರಡು ತುದಿಗೂ ವೈರಿರುವ ಒಂದು ಸಣ್ಣ ಬಲ್ಬನ್ನು ಕೈಯಲ್ಲಿ ಹಿಡಿದು, ಒಂದು ತುದಿಯನ್ನು ಗಾಡಿಯ ಕಬ್ಬಿಣಕ್ಕೆ ಸಿಕ್ಕಿಸಿ, ಇನ್ನೊಂದನ್ನು ಸ್ವಿಚ್ಚಿನ ಹಿಂದೆ ಮುಟ್ಟಿಸಿದ. ಬಲ್ಬು ಹತ್ತಿತು. ವೈಪರಿನ ಸ್ವಿಚ್ಚಿನ ಹಿಂದೆ ಮುಟ್ಟಿಸಿದ. ಅಲ್ಲಿಯೂ ಹತ್ತಿತು.

"ಎರಡಕ್ಕೂ ಕರೆಂಟು ಚೆನ್ನಾಗಿ ಬರ್ತಾ ಇದೆ," ಎಂದ.

"ಸರೀ ಇದ್ಯಲ್ಲ ಮತ್ತೆ," ಎಂದ ಮಂಜುನಾಥಪ್ಪ. "ಭಟ್ರೇ, ಇದಕ್ಕೆ ಸ್ಪ್ಯಾನರ್ ಆಗಲ್ಲ. ಒಂದು ಶಾಂತಿ ಮಾಡ್ಸಿ."

"ಶಾಂತಿ ಮೊದ್ಲು ನಿಮ್ಮ ಬಾಯಿಗೆ ಮಾಡ್ಸಾನ," ಎಂದ ಶ್ರೀಕರ, ತಲೆ ಎತ್ತದೆ.

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಎಂತ ಇಲ್ಲೆ ಮಾರಾಯ್ತಿ, ಒಂದು ಗಾಡಿ ಇದ್ದು. ಮುಗಿಸ್ಕ್ಯಂಡು ಬತ್ತೆ, ನೀ ಊಟ ಮಾಡು," ಎಂದು ತಮ್ಮ ಮನೆಮಾತಿನಲ್ಲಿ ಹೆಂಡತಿಗೆ ಹೇಳಿ ಫೋನನ್ನು ಜೇಬಿಗೆ ಹಾಕಿದ. ಆಮೇಲೆ ಲೈಟು ಹಾಕಿ, ಗಾಜಿಗೆ ನೀರು ಸುರಿದು ವೈಪರು ಬಿಟ್ಟ. ಲೈಟು ಉರಿಯಿತು, ವೈಪರು ಆಡಿತು. ಕಡ್ಡಿಗಳನ್ನು ಮೆಲ್ಲಗೆ ಮೇಲೆ ಕೆಳಗೆ ಮಾಡಿ ನೋಡಿದ. ವೈರಿನ ಕಟ್ಟನ್ನು ಬೆರಳಿನಲ್ಲಿ ಅಲ್ಲಾಡಿಸಿದ. ಒಂದೂ ಕೈಕೊಡಲಿಲ್ಲ. ಪಿಕಪ್ಪು ಮದುವೆಗೆ ಬಂದ ಹಟಮಾರಿ ಮಗುವಿನ ಹಾಗೆ ನಾಲ್ಕು ಜನರ ಎದುರು ಸಾಧುವಾಗಿ ನಿಂತಿತ್ತು.

ಮಾಸ್ತಪ್ಪನ ಮುಖ ಸಣ್ಣದಾಗುತ್ತ ಬಂತು. ಶ್ರೀಕರನಿಗೂ ಅದು ಕಂಡಿರಬೇಕು. ಅವನು ಹೊರಬಂದು ಕೈ ಒರೆಸಿಕೊಂಡು, "ಮಾಸ್ತಪ್ಪಣ್ಣ, ಅವತ್ತು ಲೈಟು ಆರೋಕೆ ಮುಂಚೆ ಏನೇನು ಮುಟ್ಟಿದ್ರಿ? ನೆನಪು ಮಾಡ್ಕಳಿ. ಡಿಮ್ಮು ಡಿಪ್ಪು ಮಾಡಿದ್ರಾ?" ಎಂದು ಕೇಳಿದ.

"ಎದುರಿಗೆ ಗಾಡಿನೇ ಇರ್ಲಿಲ್ಲ, ಯಾರಿಗೆ ಡಿಪ್ ಮಾಡ್ಲಿ?"

"ಹಾರ್ನು?"

"ಇಲ್ಲ."

"ಇಂಡಿಕೇಟರು?"

"ಇಲ್ಲಪ್ಪ. ಏನೂ ಮುಟ್ಲಿಲ್ಲ. ಚೌಡಮ್ಮಂಗೆ ಕೈ ಮುಗ್ದೆ, ಅಷ್ಟೆ."

ಮಂಜುನಾಥಪ್ಪ ತೊಡೆ ತಟ್ಟಿ ನಕ್ಕ. "ಅಲ್ಲಿಗೆ ಸಿಕ್ತಲ್ಲ ಫಾಲ್ಟು. ತಿರುವಲ್ಲಿ ಸ್ಟೇರಿಂಗ್ ಬಿಟ್ಟು ಕೈ ಮುಗುದ್ರೆ ಚೌಡಮ್ಮ ಚರಂಡಿ ತೋರ್ಸದೆ ಇನ್ನೇನ್ ಮಾಡ್ತಾಳೆ ಮಾರಾಯ."

ಶ್ರೀಕರ ನಗಲಿಲ್ಲ. ಆದರೆ ಅವನ ಕೈ ಬಿಚ್ಚಿಟ್ಟಿದ್ದ ಮುಚ್ಚಳದ ಕಡೆ ಹೋಯಿತು. ಮಾಸ್ತಪ್ಪನ ಕಿವಿ ಕೆಂಪಾಯಿತು. "ಸ್ಟೇರಿಂಗ್ ಬಿಡಕ್ಕೆ ನಂಗೇನು ತಲೆ ಕೆಟ್ಟಿದ್ಯಾ?" ಎಂದವನೇ ರಸ್ತೆಯ ಕಡೆ ಮುಖ ಮಾಡಿದ. ಬಿಡಿಸಿ ಹೇಳುವ ಜಾಯಮಾನ ಅವನದಲ್ಲ. ಕೇಳಿದವರು ನಂಬಬೇಕು, ನಂಬದಿದ್ದರೆ ಬಿಡಬೇಕು. ಹರ್ಷವರ್ಧನನ ಎದುರೂ ಹೀಗೆಯೇ ಮುಖ ತಿರುಗಿಸಿದ್ದ.

ಮುಚ್ಚಳದ ಮೊದಲ ಸ್ಕ್ರೂ ಕೂರುತ್ತಿತ್ತು. ಕೆರಿಯಮ್ಮ ಸ್ಟೂಲಿನಿಂದ ಎದ್ದಳು.

"ಭಟ್ರೇ, ತಡೀರಿ. ಇವ್ರು ಕೈ ಮುಗಿಯದು ಕೈಯಲ್ಲಲ್ಲ."

"ಮತ್ತೆ?"

"ಲೈಟಲ್ಲಿ."

ಕೆರಿಯಮ್ಮ ಬಿಡಿಸಿ ಹೇಳಿದಳು. ಆ ತಿರುವಿನಲ್ಲಿ ಬೇರೆ ಡ್ರೈವರುಗಳೆಲ್ಲ ಹಾರ್ನು ಹೊಡೆದು ಹೋಗುತ್ತಾರೆ. ಮಾಸ್ತಪ್ಪನಿಗೆ ಅದು ಸರಿ ಕಾಣುವುದಿಲ್ಲ; ದಾರಿಗೆ ಅಡ್ಡ ಬಂದ ದನಕ್ಕೆ ಹೊಡೆಯುವ ಹಾರ್ನನ್ನು ದೇವರಿಗೆ ಹೊಡೆಯುವುದು ಹೇಗೆ? ಅದಕ್ಕೇ ಅವನು ಲೈಟಿನ ಕಡ್ಡಿಯನ್ನು ತನ್ನ ಕಡೆಗೆ ಮೂರು ಸಲ ಜಗ್ಗುತ್ತಾನೆ. ಗುಡಿಯ ಮೇಲೆ ಬೆಳಕು ಮೂರು ಸಲ ಹೊಡೆಯುತ್ತದೆ; ಅಷ್ಟು ಹೊತ್ತೂ ಅವಳು ಕಣ್ಣು ಮುಚ್ಚಿರುತ್ತಾಳೆ. ಅವನ ಬಾಯಲ್ಲಿ ಅದು ಕೈ ಮುಗಿಯುವುದೇ. ಅವನು ಅದನ್ನು ಸ್ವಿಚ್ಚು ಮುಟ್ಟಿದ್ದು ಎಂದು ಎಣಿಸಿದವನೇ ಅಲ್ಲ. ಹಾಗೆ ನೋಡಿದರೆ ಈವರೆಗೆ ಅವಳೂ ಎಣಿಸಿರಲಿಲ್ಲ.

ಶ್ರೀಕರ ಸ್ಕ್ರೂವನ್ನು ಮತ್ತೆ ಬಿಚ್ಚಿದ. "ಅವತ್ತೂ ಜಗ್ಗಿದ್ರು ಅಂತ ನಿಮಗೆ ಹೆಂಗೆ ಗೊತ್ತು? ಕಣ್ಣು ಮುಚ್ಚಿದ್ದೆ ಅಂದ್ರಲ್ಲ."

"ಕಣ್ಣು ಮುಚ್ಚಿದ್ರೆ ಕಿವಿನೂ ಮುಚ್ಚಿರತ್ತಾ? ಕಡ್ಡಿ ಟಕ್ ಟಕ್ ಅನ್ನತ್ತೆ. ಮೂರು ಟಕ್ ಆದ ಮೇಲೇ ನಾ ಕಣ್ಣು ಬಿಡದು."

"ವೈಪರಿನ ಶಬ್ದ ಇತ್ತಾ ಆಗ?"

ಕೆರಿಯಮ್ಮ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಆ ವೈಪರು ಹಳೆಯದು. ಬಲಕ್ಕೆ ಹೋಗುವಾಗ ಕುಂಯ್ ಎನ್ನುತ್ತದೆ, ಎಡಕ್ಕೆ ಬರುವಾಗ ಸುಮ್ಮನಿರುತ್ತದೆ. ಮಳೆಗಾಲವಿಡೀ ಕೇಳಿ ಕೇಳಿ ಅವಳಿಗೆ ಅದು ಕೇಳಿಸುವುದೇ ಇಲ್ಲ ಎನ್ನುವಷ್ಟು ರೂಢಿಯಾಗಿತ್ತು. ಆದರೆ ಅಂದು ಮೂರನೆಯ ಟಕ್ ಆದ ಮೇಲೆ, ಮುಚ್ಚಿದ ಕಣ್ಣಿನ ಒಳಗೆ ಅವಳಿಗೆ ಕೇಳಿಸಿದ್ದು ಗಾಡಿಯ ತಗಡಿನ ಮೇಲಿನ ಮಳೆ ಒಂದೇ.

"ಇರ್ಲಿಲ್ಲ," ಎಂದಳು. "ಕುಂಯ್ ಅನ್ನದು ನಿಂತಿತ್ತು. ಆಮೇಲೆ ಗಾಡಿ ಇಳೀತು. ಎಲ್ರೂ ನೋಡಿದ್ಯಾ ನೋಡಿದ್ಯಾ ಅಂತನೇ ಕೇಳಿದ್ರು ಭಟ್ರೇ. ಕೇಳಿಸ್ತಾ ಅಂತ ಯಾರೂ ಕೇಳ್ಲಿಲ್ಲ. ನಂಗೂ ಹೊಳೀಲಿಲ್ಲ."

ಮಾಸ್ತಪ್ಪ ರಸ್ತೆಯಿಂದ ಮುಖ ತಿರುಗಿಸಿದ. "ಇದನ್ನ ಇಷ್ಟು ದಿನ ಹೇಳಕ್ಕೇನಾಗಿತ್ತು ನಿಂಗೆ?" ಎಂದು ನೇರ ಅವಳನ್ನೇ ಕೇಳಿದ.

"ಬೆಕ್ಕು ಕೇಳಿರ್ಲಿಲ್ಲ," ಎಂದಳು ಕೆರಿಯಮ್ಮ.

ಶ್ರೀಕರ ಮಾಸ್ತಪ್ಪನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಎಂಜಿನ್ನು ಸ್ಟಾರ್ಟು ಮಾಡಿಸಿದ. ಲೈಟು ಹಾಕಿಸಿದ, ವೈಪರು ಬಿಡಿಸಿದ. "ತೀರ್ಥಹಳ್ಳಿಯಿಂದ ಬಂದಷ್ಟು ಹೊತ್ತು ಓಡ್ಸಕ್ಕಾಗಲ್ಲ. ಆದ್ರೂ ವೈರು ಬಿಸಿ ಆಗಬೇಕು," ಎಂದ. ಗಾಜು ಒಣಗಬಾರದಲ್ಲ, ಮಂಜುನಾಥಪ್ಪ ತಾನಾಗಿಯೇ ಎದ್ದು ಬಕೆಟ್ಟಿನಿಂದ ಚೊಂಬಿನಲ್ಲಿ ನೀರು ಮೊಗೆದು ಸುರಿಯತೊಡಗಿದ. ಮಾತು ಮಾತ್ರ ಬಿಡಲಿಲ್ಲ. "ದೇವರಿಗೆ ಅಭಿಷೇಕ ಮಾಡಿದ್ದಿಲ್ಲ, ನಿಮ್ಮ ಗಾಡಿಗೆ ಮಾಡಂಗಾಯ್ತು." ಕುಂಯ್ ಎನ್ನುತ್ತ ವೈಪರು ಬಹಳ ಹೊತ್ತು ಆಡಿತು.

"ಈಗ ಮುಗೀರಿ ಕೈ," ಎಂದ ಶ್ರೀಕರ.

ಮಾಸ್ತಪ್ಪ ಕಡ್ಡಿಯನ್ನು ಜಗ್ಗಿದ. ಗೋಡೆಯ ಮೇಲೆ ಬೆಳಕು ಹೊಡೆಯಿತು. ಎರಡನೆಯ ಸಲವೂ ಹೊಡೆಯಿತು. ಮೂರನೆಯ ಸಲ ಜಗ್ಗಿದ್ದೇ ಗೋಡೆ ಮಸುಕಾಯಿತು, ವೈಪರು ಗಾಜಿನ ನಡುವೆ ಸೆಟೆದು ನಿಂತಿತು. ಎಂಜಿನ್ನು ಮಾತ್ರ ಓಡುತ್ತಿತ್ತು. ಶ್ರೀಕರ ಡ್ಯಾಶ್‌ಬೋರ್ಡಿಗೆ ಅಂಗೈಯಲ್ಲಿ ಒಂದು ಗುದ್ದು ಕೊಟ್ಟ. ಎರಡೂ ಒಟ್ಟಿಗೇ ಮರಳಿ ಬಂದವು.

"ಚರಂಡಿಗೆ ಇಳಿದಾಗ ಆಗಿದ್ದು ಈ ಗುದ್ದೇ," ಎಂದ ಅವನು. "ಸ್ವಿಚ್ಚು ಎರಡಾದ್ರೂ ಕರೆಂಟು ಬರೋ ದಾರಿ ಒಂದೇ ಮಾಸ್ತಪ್ಪಣ್ಣ. ಎರಡು ಮನೆಗೆ ಒಂದೇ ಕಾಲುವೆ ಇದ್ದಂಗೆ. ಕಾಲುವೆ ಒಡದ್ರೆ ಎರಡೂ ಮನೆಗೆ ನೀರಿಲ್ಲ."

ಮಾಸ್ತಪ್ಪ ಎಂಜಿನ್ನು ಆರಿಸಿ ಕೆಳಗಿಳಿದ.

ಶ್ರೀಕರ ಸ್ಟೇರಿಂಗಿನ ಕೆಳಗೆ ಅಂಗಾತ ಮಲಗಿ ಟಾರ್ಚು ಬಿಟ್ಟ. ಎರಡೂ ಸ್ವಿಚ್ಚಿಗೆ ಹೋಗುವ ದಪ್ಪ ವೈರನ್ನು ನಡುವೆ ಕತ್ತರಿಸಿ, ಮತ್ತೆ ಬರಿಗೈಯಲ್ಲಿ ಹೊಸೆದು, ಹಸಿರು ಟೇಪು ಸುತ್ತಿದ್ದರು. ಬಿಸಿಗೆ ಟೇಪು ಕರಗಿ ಜಾರಿತ್ತು. ಕಡ್ಡಿಯನ್ನು ಜೋರಾಗಿ ಜಗ್ಗಿದಾಗೆಲ್ಲ ವೈರಿನ ಕಟ್ಟು ಎಳೆದು, ಆ ಗಂಟು ಸಡಿಲವಾಗುತ್ತಿತ್ತು. ಗಂಟಿನಿಂದ ಒಂದು ಸಣ್ಣ ವೈರು ಹೊರಟು ಡ್ಯಾಶ್‌ಬೋರ್ಡಿನ ಮೇಲಕ್ಕೆ ಹೋಗಿತ್ತು. ಅದು ಮುಟ್ಟಿದ್ದು ಎಡಗಡೆ ಸೀಟಿನ ಎದುರು ಕೂರಿಸಿದ್ದ ಪುಟ್ಟ ಫ್ಯಾನಿಗೆ.

ಕೆರಿಯಮ್ಮನಿಗೆ ಗಾಡಿಯಲ್ಲಿ ಕೂತರೆ ತಲೆ ಸುತ್ತು, ವಾಂತಿ. ಅವ್ವನ ಮುಖಕ್ಕೆ ಗಾಳಿ ಬರಲಿ ಎಂದು ಬೇಸಿಗೆಯಲ್ಲಿ ಹರ್ಷವರ್ಧನ ರಜದ ದಿನ ಇಡೀ ಗಾಡಿಯೊಳಗೆ ಕೂತು, ಬೆವರು ಸುರಿಸುತ್ತ ಆ ಫ್ಯಾನು ಹಾಕಿಕೊಟ್ಟಿದ್ದ.

"ಈ ಫ್ಯಾನು ಹಾಕಿದ್ದು ಯಾವ ಪುಣ್ಯಾತ್ಮ?" ಎಂದು ಶ್ರೀಕರ ಕೆಳಗಿನಿಂದ ಕೇಳಿದ.

ಕೆರಿಯಮ್ಮ ಗಂಡನನ್ನು ನೋಡಿದಳು. ಅವನು ಫ್ಯಾನನ್ನು ನೋಡುತ್ತಿದ್ದ. "ಹಳೇ ಗಾಡಿ ಅಲ್ದಾ," ಎಂದ ಮಾಸ್ತಪ್ಪ. "ಯಾರ್ಯಾರೋ ಕೈ ಹಾಕಿರ್ತಾರೆ."

ಶ್ರೀಕರ ವೈರಿನ ತುದಿಗಳನ್ನು ಕೆರೆದು ಬೆಸುಗೆ ಹಾಕಲು ಕೂತ.

ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಹರ್ಷವರ್ಧನ ಖಾಕಿ ಅಂಗಿಯಲ್ಲೇ ಬಂದ. ಸಂಜೆಯ ಟ್ರಿಪ್ಪಿಗೆ ಇನ್ನೂ ಹೊತ್ತಿತ್ತು. ಮಂಜುನಾಥಪ್ಪ ಅವನಿಗೆ ನಡೆದದ್ದನ್ನೆಲ್ಲ, ತಾನೇ ಕಂಡುಹಿಡಿದವನ ಹಾಗೆ ವರದಿ ಮಾಡಿದ. ಹರ್ಷವರ್ಧನ ಕೇಳುತ್ತ ಬಗ್ಗಿ ನೋಡಿದ. ಬೆಸುಗೆಯ ಪಕ್ಕದಲ್ಲಿ ಸುಲಿದು ಬಿಸಾಕಿದ ಟೇಪು ಬಿದ್ದಿತ್ತು. ಅವನು ಅದನ್ನು ಎತ್ತಿಕೊಂಡ.

"ಅಪ್ಪ, ಈ ಟೇಪು ನಂದು."

"ಊರಲ್ಲಿ ಹಸಿರು ಟೇಪು ನಿಂಗೊಬ್ಬಂಗೇ ಮಾರಿದ್ರಾ?" ಎಂದ ಮಾಸ್ತಪ್ಪ. "ಬಿಸಾಕು ಅತ್ಲಗೆ, ಕೈ ಅಂಟಾಗತ್ತೆ."

ಮಗ ಬಿಸಾಕಲಿಲ್ಲ. ಮುದ್ದೆ ಮಾಡಿ ಜೇಬಿಗೆ ಹಾಕಿಕೊಂಡ. "ಫ್ಯಾನು ಕಿತ್ಬಿಡಿ ಭಟ್ರೇ," ಎಂದ.

"ಯಾಕೆ ಕೀಳದು? ಅಮ್ಮಂಗೆ ಗಾಳಿ ಬೇಡ್ವಾ?" ಎಂದ ಶ್ರೀಕರ. "ಬೇರೆ ಫ್ಯೂಸು ಹಾಕಿ, ಬೇರೆ ವೈರು ಎಳ್ದು ಕೊಡ್ತೀನಿ. ನಾಳೆ ಬೆಳಿಗ್ಗೆ ಬಂದು ಗಾಡಿ ತಗಂಡ್ಹೋಗಿ. ಆ ಸ್ವಿಚ್ಚನ್ನೂ ಒಂದ್ಸಲ ಬಿಚ್ಚಿ ಒರೆಸ್ತೀನಿ. ದೇವರಿಗೆ ಅಂತ ಬಹಳ ಜಗ್ಗಿದೀರಿ ಅದನ್ನ."

ಸ್ಟೇರಿಂಗಿನ ಪಕ್ಕದಲ್ಲಿದ್ದ ಕೀಲಿಯನ್ನು ಹರ್ಷವರ್ಧನ ತೆಗೆದು ಅಪ್ಪನ ಮುಂದೆ ಹಿಡಿದ. "ನಿಂದೇ ಅಪ್ಪ ಇದು. ನಾ ಇನ್ನು ಮಾತಾಡಲ್ಲ."

ಮಾಸ್ತಪ್ಪ ಕೀಲಿ ತೆಗೆದುಕೊಳ್ಳಲಿಲ್ಲ. "ಇಲ್ಲಿ ಕಣ್ಣಿನ ಆಸ್ಪತ್ರೆ ಎಷ್ಟೊತ್ತಿನ ಗಂಟ ತೆಗೆದಿರತ್ತೆ?" ಎಂದು ಕೇಳಿದ.

ಕೆರಿಯಮ್ಮ ತಾನು ಕೇಳಿದ್ದು ಸರಿಯೇ ಎಂದು ಮಗನ ಮುಖ ನೋಡಿದಳು.

"ಹಂಗ್ಯಾಕೆ ನೋಡ್ತೀರಿ? ಹೋದ ವಾರ ಬಾಯಿ ಬಿಟ್ಟಿದ್ರೆ ಚರಂಡಿಗೆ ಬಿದ್ದಿದ್ದಕ್ಕೂ ಕಣ್ಣನ್ನೇ ಕಾರಣ ಮಾಡ್ತಿದ್ರಿ. ಬಿದ್ದಿದ್ದು ವೈರಿಂದ ಅಂತ ಈಗ ಗೊತ್ತಾಯ್ತಲ್ಲ. ಅದು ಬೇರೆ, ಇದು ಬೇರೆ." ಮಾಸ್ತಪ್ಪ ರಸ್ತೆಯ ಕಡೆ ಕೈ ತೋರಿಸಿ ಹೇಳಿದ. "ಹೊತ್ತು ಮುಳುಗಿದ ಮೇಲೆ ಎದುರು ಬರೋ ಗಾಡಿ ಲೈಟಿನ ಸುತ್ತ ಬಳೆ ಕಟ್ಟಿದಂಗೆ ಕಾಣತ್ತೆ. ಈ ಮಳೆಗಾಲ ಹಿಡಿದಾಗಿಂದ."

ಮಂಜುನಾಥಪ್ಪ ಕೂಡ ತಮಾಷೆ ಮಾಡಲಿಲ್ಲ. "ನಮ್ಮನೇಲೂ ಹಂಗೇ ಆಗಿತ್ತು. ಅಂಜೋ ಕೆಲಸ ಅಲ್ಲ ಅದು," ಎಂದು ಬ್ಯಾಟರಿಯ ಕಡೆ ನೋಡಿದ.

ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದರು. ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ. ಎರಡೂ ಕಣ್ಣಿಗೆ ಪೊರೆ ಬರತೊಡಗಿದೆ, ಒಂದೊಂದಾಗಿ ತೆಗೆಸಿದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎಂದಳು. "ಹಗಲು?" ಎಂದ ಮಾಸ್ತಪ್ಪ. ಅವಳು ಗೋಡೆಯ ಅಕ್ಷರ ಓದಿಸಿ ಬರೆದಿದ್ದ ಚೀಟಿಯನ್ನು ಮತ್ತೊಮ್ಮೆ ನೋಡಿ, "ಹಗಲು ಓಡಿಸಬಹುದು ಅಜ್ಜ, ಇವತ್ತೊಂದು ದಿನ ಬಿಟ್ಟು," ಎಂದಳು. ಹೊರಡುವಾಗ ಬಾಗಿಲವರೆಗೆ ಬಂದು, ಮೆಟ್ಟಿಲಿದೆ ಎಂದು ಅವನ ಮೊಣಕೈ ಹಿಡಿದು ಇಳಿಸಿದಳು.

ಮನೆಗೆ ಹೊರಟದ್ದು ಮಗನ ಬಸ್ಸಿನಲ್ಲೇ. ಕಂಡಕ್ಟರು ಡ್ರೈವರಿನ ಹಿಂದಿನ ಸೀಟನ್ನು ಟವೆಲು ಹಾಕಿ ಹಿಡಿದಿದ್ದ. ಕಣ್ಣಿಗೆ ಬಿಟ್ಟ ಔಷಧಿಯಿಂದ ಮಾಸ್ತಪ್ಪನಿಗೆ ಸಾಗರದ ಪೇಟೆಯೆಲ್ಲ ನೀರಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಪೇಟೆ ದಾಟಿದ ಮೇಲೆ ಅವನು ಲೆಕ್ಕಾಚಾರ ಶುರು ಮಾಡಿದ, ಈ ಸಲ ಬೆಕ್ಕಿನ ಸಹಾಯವಿಲ್ಲದೆ.

"ತೀರ್ಥಹಳ್ಳಿ ಸಂತೆಯಿಂದ ಇನ್ನು ಮಧ್ಯಾಹ್ನ ಉಂಡ ಕೂಡ್ಲೆ ಹೊರಟುಬಿಡಬೇಕಾಗತ್ತೆ ಕೆರ್ಯಮ್ಮ. ಪೊರೆ ತೆಗೆಸೋ ಗಂಟ."

"ಹೊರಡಾನ."

"ವ್ಯಾಪಾರಕ್ಕೆ?"

ಸ್ಕೂಲು, ಆಫೀಸು ಬಿಟ್ಟ ಹೆಂಗಸರು ಸಂತೆಗೆ ಬರುವುದೇ ನಾಲ್ಕರ ಮೇಲೆ. ಡೇರೆ ಗಿಡಗಳು ಖಾಲಿಯಾಗುವುದು ಆ ಹೊತ್ತಿಗೇ; ಅದು ಇಬ್ಬರಿಗೂ ಗೊತ್ತು. ಕೆರಿಯಮ್ಮ ಕಿಟಕಿಯ ಗಾಜನ್ನು ಎಳೆದು ಮುಚ್ಚಿದಳು.

"ಸಂಜೆ ಬರೋರು ಬರೀ ಚೌಕಾಸಿ ಮಾಡೋರು," ಎಂದಳು. "ಕೊಳ್ಳೋರೆಲ್ಲ ಬೆಳಿಗ್ಗೆನೇ ಬಂದು ಹೋಗ್ತಾರೆ."

ಮಾಸ್ತಪ್ಪ ಅವಳ ಕಡೆ ತಿರುಗಿ ಮುಖ ಕಾಣಿಸುತ್ತದೋ ಎಂದು ನೋಡಿದ. ಮಸುಕಾಗಿತ್ತು. "ಹೌದೌದು," ಎಂದ.